ದಯಾನಂದ ಕಟ್ಟಿದ ಗಾಡಿ

ದಯಾನಂದ ಎಲ್ಲರೊಡನೆಯೂ ಕೂಗಿಯೇ ಮಾತಾಡುತ್ತಾನೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತವರ ಜೊತೆಗೂ, ನಡುವೆ ಯಾವುದೋ ಯಂತ್ರ ಓಡುತ್ತಿದೆಯೇನೋ ಎಂಬಂತೆ, ಕುತ್ತಿಗೆಯ ನರ ಉಬ್ಬಿಸಿ ಒಂದೊಂದು ಪದವನ್ನೂ ಎತ್ತಿ ಎಸೆಯುತ್ತಾನೆ. ಹೊಸಬರು ಬೆಚ್ಚಿಬೀಳುತ್ತಾರೆ, ಜಗಳಕ್ಕೆ ಬಂದನೆಂದು ತಿಳಿಯುತ್ತಾರೆ. ಗೋಣಿಬೀಡಿನ ಆಸುಪಾಸಿನ ಕಾಫಿ ತೋಟಗಳಲ್ಲಿ ಅರ್ಧ ಆಯುಷ್ಯ ಕಳೆ ಹೊಡೆಯುವ ಮಿಷನ್ನನ್ನು ಹೆಗಲಿಗೆ ತೂಗುಹಾಕಿಕೊಂಡು ದುಡಿದವನು ಅವನು. ಆ ದುಡಿಮೆ ಅವನ ಬಲಭುಜವನ್ನು ಎಡಭುಜಕ್ಕಿಂತ ಕೆಳಗಿಳಿಸಿತು, ನಡಿಗೆಗೆ ಒಂದು ಓರೆಯನ್ನು ಕೊಟ್ಟಿತು, ಮತ್ತು ಎರಡೂ ಕಿವಿಗಳ ಶಕ್ತಿಯನ್ನು ಅವನಿಗೇ ಅರಿವಾಗದಷ್ಟು ಮೆಲ್ಲನೆ ಹೀರಿಕೊಂಡಿತು.

ತೋಟದ ಕೂಲಿಗಳ ಸಾಲಿನಲ್ಲಿರುವ ಅವನ ಲೈನ್ ಮನೆಯಿಂದ ಟಾರು ರಸ್ತೆಗೆ ಹೋಗುವ ಮಣ್ಣುದಾರಿ ನನ್ನ ತುಂಡು ತೋಟದ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಹಾಗಾಗಿ ಅವನನ್ನು ನಾನು ನಿತ್ಯ ನೋಡಿದ್ದೇನೆ. ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು, ಅದರ ಜೇಬುಗಳ ತುಂಬ ಹಳೆಯ ಪ್ಲಗ್ಗುಗಳು, ತಂತಿ, ನಟ್ಟು, ಬೋಲ್ಟು. ನಡೆದರೆ ಎತ್ತಿನ ಕೊರಳಿನ ಗೆಜ್ಜೆಯಂತೆ ಅವೆಲ್ಲ ಸದ್ದು ಮಾಡುತ್ತವೆ. ಆ ಸದ್ದಿನಿಂದಲೇ ನಮಗೆಲ್ಲ ಅವನು ಬಂದದ್ದು ತಿಳಿಯುತ್ತದೆ. ಅವನೊಬ್ಬನಿಗೆ ಮಾತ್ರ ಅದು ಕೇಳಿಸದು.

ಅವನ ಹೆಂಡತಿ ಯಶೋದಾ ತೀರಿಕೊಂಡ ಬಗೆಯನ್ನು ಹೇಳದೆ ಮುಂದಿನದನ್ನು ಹೇಳಲಾಗದು. ಮಳೆ ಹಿಂದಾದ ಮೇಲಿನ ಕಳೆಯ ಕಾಲ. ದಯಾನಂದ ಬಿದಿರು ಮೆಳೆಯ ಅಂಚಿನ ಪಟ್ಟೆಯಲ್ಲಿ ಮಿಷನ್ ಹೊಡೆಯುತ್ತಿದ್ದ. ಯಶೋದಾ ಅವನಿಗೆ ಬುತ್ತಿ ತರುತ್ತಿದ್ದಳು. ಮೆಳೆಯೊಳಗಿದ್ದ ಒಂಟಿ ಸಲಗ ಅವಳ ಬೆನ್ನ ಹಿಂದೆ ಹೊರಬಂತು. ಅವಳು ಗಂಡನ ಹೆಸರು ಹಿಡಿದು ಕೂಗಿದಳು. ಎದುರಿನ ಇಳಿಜಾರಿನಲ್ಲಿ ಕಾಫಿ ಗಿಡದ ರೆಂಬೆ ಸವರಿ ಕಸಿ ಮಾಡುತ್ತಿದ್ದ ಹೆಂಗಸರಿಗೆ ಆ ಕೂಗು ಕೇಳಿಸಿತು, ಅವರೂ ಕೂಗಿದರು. ಕಲ್ಲೆಸೆತದ ದೂರದಲ್ಲಿದ್ದ ಅವನು ಮಾತ್ರ, ಬೆನ್ನು ತಿರುಗಿಸಿಕೊಂಡು, ತನ್ನ ಇಂಜಿನ್ನಿನ ಗರ್ಜನೆಯೊಳಗೆ ಹುಲ್ಲು ಸವರುತ್ತ ಸಾಲಿನ ಕೊನೆಯವರೆಗೂ ಹೋದ. ಅಲ್ಲಿ ತಿರುಗಿದಾಗ ಕಂಡ. ಆಗ ಎಲ್ಲ ಮುಗಿದಿತ್ತು.

ಅಂದಿನಿಂದ ಅವನು ಮಿಷನ್ನನ್ನು ಹೆಗಲಿಗೇರಿಸಲಿಲ್ಲ. ಮೇಸ್ತ್ರಿ ಬಂದು ಕರೆದರು, ತೋಟದ ಲೆಕ್ಕ ಬರೆಯುವ ರೈಟರು ಹೇಳಿಕಳಿಸಿದರು. ನರ್ಸರಿಯಲ್ಲಿ ಮಣ್ಣು ತುಂಬುವ ಕೆಲಸ ಕೊಟ್ಟರೆ ಬರುತ್ತೇನೆಂದ, ಬಂದ. ತಿಂಗಳುಗಟ್ಟಲೆ ಯಾರೊಡನೆಯೂ ಸೇರದೆ ತೆಪ್ಪಗೆ ಇದ್ದವನನ್ನು ಮತ್ತೆ ಎಚ್ಚರಿಸಿದ್ದು ಮಗಳು ರಂಜಿತಾಳಿಗೆ ಗೋಣಿಬೀಡಿನ ಔಷಧಿ ಅಂಗಡಿಯಲ್ಲಿ ಸಿಕ್ಕಿದ ಕೆಲಸ. ಬೆಳಿಗ್ಗೆ ಬಸ್ಸು ಹಿಡಿಯಲು ಅವಳು ಟಾರು ರಸ್ತೆಗೆ ನಡೆಯಬೇಕು. ದಾರಿಯಲ್ಲಿ ಏರು, ಏರಿನ ಎರಡೂ ಬದಿಗೆ ಅದೇ ಬಿದಿರು. ಕೆಲಸಕ್ಕೆ ಹೋಗಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಹೋಗೆನ್ನಲು ಎದೆ ಬರಲಿಲ್ಲ. ಮೂಲೆಗೆ ಎಸೆದಿದ್ದ ಮಿಷನ್ನನ್ನು ಅಂಗಳಕ್ಕೆ ತಂದು, ಅದರ ಉದ್ದನೆಯ ಕೋಲನ್ನು ಗರಗಸದಿಂದ ಕೊಯ್ದು ಹಾಕಿ, ಇಂಜಿನ್ನನ್ನು ತನ್ನ ಹಳೆಯ ಸೈಕಲ್ಲಿಗೆ ಜೋಡಿಸಲು ಕೂತ.

ಟಾರು ರಸ್ತೆಯ ಬಸ್ ಸ್ಟಾಪಿನಲ್ಲಿ ಚಹಾದ ಹೋಟೆಲಿಟ್ಟಿರುವ ಗಿಡ್ಡಪ್ಪ ಅವನ ಕಿವಿಗೆ ಬಾಯಿಟ್ಟು ಕೇಳಿದ: "ಒಂದು ಸ್ಕೂಟರ್ ತೆಗೆದುಕೊಡು ಮಾರಾಯಾ, ಇದೆಲ್ಲ ಯಾಕೆ?"

"ಕಂಪನಿ ಗಾಡಿ ಎಲ್ಲಿ ನಿಲ್ತದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ದಯಾನಂದನ ದನಿಗೆ ಹೋಟೆಲಿನ ಗಾಜಿನ ಲೋಟಗಳು ನಡುಗಿದವು. "ಇದು ನಾನು ಕಟ್ಟಿದ್ದು. ಯಾಕೆ ನಿಲ್ತದೆ ಅಂತ ಗೊತ್ತು, ನಿಲ್ಲದಂಗೆ ಮಾಡೋಕೂ ಗೊತ್ತು."

ಆದರೆ ಅದು ನಿಂತಿತು, ಮತ್ತೆ ಮತ್ತೆ ನಿಂತಿತು. ಹುಲ್ಲು ಕೊಯ್ಯಲು ಹುಟ್ಟಿದ ಆ ಪುಟ್ಟ ಇಂಜಿನ್ನಿಗೆ ವೇಗವಿತ್ತು, ಮನುಷ್ಯರ ಭಾರವನ್ನು ಏರಿಗೆ ಎಳೆಯುವ ಬಲವಿರಲಿಲ್ಲ. ನಡುವೆ ಇನ್ನೊಂದು ದೊಡ್ಡ ಹಲ್ಲುಚಕ್ರ ಹಾಕಿ ವೇಗವನ್ನು ಇಳಿಸಿ ಬಲವಾಗಿಸಿದ. ಆಗ ಚೈನು ಜಾರತೊಡಗಿತು. ಚೈನನ್ನು ನೇರಕ್ಕೆ ತಂದಾಗ ಅದುರಾಟಕ್ಕೆ ಇಂಜಿನ್ನನ್ನು ಹಿಡಿದ ಕಬ್ಬಿಣದ ಪಟ್ಟಿ ಬಿರುಕುಬಿಟ್ಟಿತು. ಆಲ್ದೂರಿಗೆ ಹೋಗಿ ವೆಲ್ಡಿಂಗ್ ಮಾಡಿಸಿ ತಂದ, ಅದರಡಿಗೆ ಲಾರಿ ಟೈರಿನ ತುಂಡು ಕೊಟ್ಟ. ಏರಿನಲ್ಲಿ ಪೆಟ್ರೋಲ್ ಸಾಲದೆ ಇಂಜಿನ್ ಕೆಮ್ಮಿ ಸತ್ತಾಗ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಓಡಿಸಿ, ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ತುದಿ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಕಡಿಮೆ, ಹುರಿದ ಕಾಫಿಯ ಬಣ್ಣ ಬಂದರೆ ಸರಿ.

ಇಂಜಿನ್ನಿನ ಲಯವನ್ನು ಕಿವಿಯಿಂದ ಅರಿಯುವುದು ಮೆಕ್ಯಾನಿಕ್ಕುಗಳ ಕ್ರಮ. ದಯಾನಂದನಿಗೆ ಆ ಬಾಗಿಲು ಮುಚ್ಚಿತ್ತು. ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಕಣ್ಣುಮುಚ್ಚಿ ಕೂರುತ್ತಿದ್ದ. ತಲೆಬುರುಡೆಯೊಳಗೆ ಏರಿಬಂದ ಕಂಪನವೇ ಅವನಿಗೆ ನಾದ. ಆ ಭಂಗಿಯಲ್ಲಿ ಅವನನ್ನು ಕಂಡಾಗ, ಸಿಟ್ಟುಗೊಂಡ ದೇವರೊಂದಿಗೆ ರಾಜಿಗೆ ಕೂತ ಪೂಜಾರಿಯ ನೆನಪಾಗಿ ನನಗೆ ಮೈ ಜುಮ್ಮೆಂದದ್ದುಂಟು.

ಗಾಡಿ ಓಡಿದರಷ್ಟೇ ಸಾಲದು, ಸದ್ದಿಲ್ಲದೆ ಓಡಬೇಕೆಂಬುದು ಅವನ ಹಟ. ಯಾಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸ್ಟೀಲಿನ ಫ್ಲಾಸ್ಕೊಂದನ್ನು ಕೊಯ್ದು, ಒಳಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುಂಬಿ ಸೈಲೆನ್ಸರ್ ಮಾಡಿದ. ಆದರೆ ಸದ್ದು ಎಷ್ಟು ತಗ್ಗಿತೆಂದು ತಿಳಿಯುವುದು ಹೇಗೆ? ಹೋಟೆಲಿನ ಮುಂದೆ ಇಂಜಿನ್ ಓಡಲು ಬಿಟ್ಟು ಒಳಗಿದ್ದವರ ಮುಖಗಳನ್ನೇ ದಿಟ್ಟಿಸುತ್ತಿದ್ದ. ಯಾರಾದರೂ ಮಾತು ನಿಲ್ಲಿಸಿ ಹುಬ್ಬು ಗಂಟಿಕ್ಕಿದರೆ ಮರಳಿ ಬಿಚ್ಚುತ್ತಿದ್ದ. ಕಡೆಗೆ ಮಗಳನ್ನು ಕೇಳಿದ.

"ಕಡಿಮೆ ಆಯ್ತಾ ಮಗಾ?"

ರಂಜಿತಾ ಅಪ್ಪನ ಎಣ್ಣೆ ಮೆತ್ತಿದ ಕೈಗಳನ್ನೂ ಬತ್ತಿದ ಕೆನ್ನೆಯನ್ನೂ ನೋಡಿ, ಆಯಿತೆಂದು ತಲೆಯಾಡಿಸಿದಳು.

ಹೀಗೆ ಅವಳು ಆ ಗಾಡಿಯಲ್ಲಿ ಓಡಾಡತೊಡಗಿದಳು. ಮನೆಯಿಂದ ಬಸ್ ಸ್ಟಾಪು, ಗಾಡಿ ಗಿಡ್ಡಪ್ಪನ ಹೋಟೆಲಿನ ಹಿಂದೆ, ಸಂಜೆ ಅದೇ ದಾರಿಯಲ್ಲಿ ವಾಪಸು. ದಯಾನಂದನ ಮುಖದಲ್ಲಿ, ಬಹುಕಾಲದ ಮೇಲೆ, ಹಗುರಾದ ಕಳೆಯೊಂದು ಕಾಣಿಸಿತು. ಒಂದು ದಿನ ನನ್ನ ಗೇಟಿನಲ್ಲಿ ನಿಂತು, ಕೆರೆಯಾಚೆಗೂ ಕೇಳುವಂತೆ ಹೇಳಿದ: "ಸಾರ್, ನಾನು ಲೆಕ್ಕ ಹಾಕಿದ್ದಕ್ಕಿಂತ ಪೆಟ್ರೋಲ್ ಉಳೀತಾ ಇದೆ! ಟ್ಯೂನಿಂಗ್ ಅಂದ್ರೆ ಹಾಗೆ ಕೂತಿದೆ!" ನಾನೂ ಸಂತೋಷಪಟ್ಟೆ.

ಮಂಜು ಕವಿದ ಒಂದು ಬೆಳಿಗ್ಗೆ ರಂಜಿತಾ ಬರಿಗಾಲಲ್ಲಿ ನನ್ನ ಅಂಗಳಕ್ಕೆ ಓಡಿಬಂದು ಕುಸಿದಳು. ಬಿದಿರು ಮುರಿಯುವ ಸದ್ದು ಪಕ್ಕದಲ್ಲೇ ಕೇಳಿಸಿತಂತೆ. ಗಾಡಿಯನ್ನು ಅಲ್ಲೇ ಕೆಡವಿ, ಚಪ್ಪಲಿ ಬಿಟ್ಟು, ಬಂದ ದಾರಿಯಲ್ಲೇ ಓಡಿದ್ದಳು. ಅವಳನ್ನು ಬಿಟ್ಟ ಆನೆ ಗಾಡಿಯ ಮೇಲೆ ಸಿಟ್ಟು ತೀರಿಸಿಕೊಂಡಿತ್ತು. ಅರಣ್ಯ ಇಲಾಖೆಯವರು ಬಂದು ಪಟಾಕಿ ಸಿಡಿಸಿ ಅದನ್ನು ಹಳ್ಳದಾಚೆ ಅಟ್ಟಿದ ಮೇಲೆ ನಾವೆಲ್ಲ ಹೋಗಿ ನೋಡಿದೆವು. ಚಕ್ರಗಳು ಹಪ್ಪಳದಂತೆ ಮಡಚಿಕೊಂಡಿದ್ದವು, ಫ್ರೇಮು ಎರಡು ತುಂಡಾಗಿತ್ತು, ಇಂಜಿನ್ ಮಾತ್ರ ಕೆಸರಿನಲ್ಲಿ ಹೂತು ಉಳಿದಿತ್ತು.

ನರ್ಸರಿಯಿಂದ ಓಡಿಬಂದ ದಯಾನಂದ ಮಗಳ ಭುಜ, ತೋಳು, ತಲೆಯನ್ನೆಲ್ಲ ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಸರು ಒರೆಸತೊಡಗಿದ. ಇಂಜಿನ್ ನಿಲ್ಲಿಸಲೆಂದು ಹ್ಯಾಂಡಲಿಗೆ ತಾನೇ ಕೂರಿಸಿದ್ದ ಕೆಂಪು ಸ್ವಿಚ್ಚಿಗೆ ಬಂದಾಗ ಅವನ ಬೆರಳು ನಿಂತಿತು. ಸ್ವಿಚ್ಚು ಆಫ್ ಆಗಿತ್ತು.

"ಏರಲ್ಲಿ ನಿಂತೋಯ್ತಾ ಮಗಾ? ಮತ್ತೆ ಹಚ್ಚೋಕೆ ನೋಡಿದ್ಯಾ?" ಅವನ ಕೂಗು ಒಡೆದಿತ್ತು.

ಅವಳು ಹೌದು ಎಂದುಬಿಟ್ಟಿದ್ದರೆ, ಅವನು ಬದುಕಿರುವವರೆಗೂ ಕಾರ್ಬ್ಯುರೇಟರಿನ ಆ ಸ್ಕ್ರೂವನ್ನೇ ಹಳಿಯುತ್ತ ಕೂರುತ್ತಿದ್ದ. ರಂಜಿತಾ ನೆಲ ನೋಡುತ್ತ ಏನೋ ಹೇಳಿದಳು. ಅವನು ಅವಳ ತುಟಿಗಳನ್ನು ನೋಡಿದ. "ಕೇಳಲ್ಲ. ಜೋರಾಗಿ ಹೇಳು."

ನಮ್ಮೆಲ್ಲರ ಎದುರಿಗೆ, ಅರಣ್ಯದವರ ಎದುರಿಗೆ, ಆ ಹುಡುಗಿ ಕಿರುಚಿ ಹೇಳಬೇಕಾಯಿತು: "ನಾನೇ ಆಫ್ ಮಾಡಿದ್ದು ಅಪ್ಪಾ! ಬಿದಿರು ಶುರುವಾಗೋ ಕಡೆ ದಿನಾ ಆಫ್ ಮಾಡ್ತೀನಿ. ಮೇಲಿನವರೆಗೂ ತಳ್ಕೊಂಡೇ ಹೋಗ್ತೀನಿ!"

"ಯಾಕೆ?"

"ಅದು ಓಡ್ತಿದ್ರೆ ನಂಗೆ ಬೇರೆ ಏನೂ ಕೇಳ್ಸಲ್ಲ! ಅಮ್ಮ ಕೂಗಿದ್ದು ನಿಂಗೆ ಕೇಳಿಸ್ಲಿಲ್ವಲ್ಲ, ಹಾಗೆ!"

ಹೇಳಿದ್ದೇ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ಬೇರೆ ಬೇರೆ ಕಡೆ ನೋಡಿದೆವು. ದಯಾನಂದನಿಗೆ ಆ ಮಾತು ಒಂದಕ್ಷರವೂ ತಪ್ಪದೆ ಕೇಳಿಸಿತ್ತು. ಆಮೇಲೆ ಪಾನಾ ತೆಗೆದು, ಒಂದೊಂದೇ ಬೋಲ್ಟು ಬಿಚ್ಚಿ, ಇಂಜಿನ್ನನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಅದನ್ನು ಏನು ಮಾಡಿದನೋ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನದಿಂದ ಬೆಳಿಗ್ಗೆ ಅಪ್ಪ ಮಗಳು ಜೊತೆಯಲ್ಲಿ ನಡೆದುಹೋಗುತ್ತಾರೆ, ಸಂಜೆ ಜೊತೆಯಲ್ಲೇ ಮರಳುತ್ತಾರೆ. ಅವಳು ಕೇಳಿಸಿಕೊಳ್ಳುತ್ತಾಳೆ, ಅವನು ನೋಡುತ್ತಾನೆ. ಅವಳು ಕೈ ಎತ್ತಿದರೆ ಇಬ್ಬರೂ ನಿಲ್ಲುತ್ತಾರೆ. ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿ, ಅದೇ ಬಿದಿರಿನ ನಡುವೆ, ಒಂದು ಎಲೆ ಅಲುಗಿದ್ದೂ ಕೇಳದ ಆ ಮನುಷ್ಯ ಒಬ್ಬನೇ ಇಳಿದುಬರುತ್ತಾನೆ. ನಾನೊಮ್ಮೆ ಅವನ ಕಿವಿಗೆ ಕೂಗಿ ಹೇಳಿದೆ, ವಾಪಸು ಬರುವಾಗ ಯಾರನ್ನಾದರೂ ಜೊತೆಗೆ ಕರೆದುಕೋ ಎಂದು.

"ಹೋಗುವಾಗ ಅವಳಿರ್ತಾಳೆ ಸಾರ್," ಎಂದ. "ಬರುವಾಗ ಯಾರನ್ನ ಕಾಯೋದಿದೆ?"

ರಂಜಿತಾ ಅದಕ್ಕೆ ಮೊದಲೇ ಬಂದು ನನ್ನನ್ನು ಕೇಳಿಕೊಂಡಿದ್ದಳು: "ಅಂಕಲ್, ಅಪ್ಪ ನಿಮ್ಮ ಗೇಟು ದಾಟಿದ್ರೆ ನಂಗೊಂದು ಮಿಸ್ಡ್ ಕಾಲ್ ಕೊಡ್ತೀರಾ?" ಕೊಡುತ್ತೇನೆ. ಅವನು ಬರುವುದು ತಡವಾದರೆ ಅವಳೇ ಫೋನ್ ಮಾಡುತ್ತಾಳೆ. ಔಷಧಿ ಕೇಳುವವರ ಗದ್ದಲದ ನಡುವೆ ಅವಳ ಉಸಿರಷ್ಟೇ ನನಗೆ ಕೇಳಿಸುತ್ತದೆ. ಅಪ್ಪನ ಹೆಗಲ ಮೇಲಿದ್ದ ಭಯವನ್ನು ಈಗ ಮಗಳು ಹೊತ್ತಿದ್ದಾಳೆ.

ದುಃಖ ಬಂದಾಗ ಕೆಲವರು ಅಳುತ್ತಾರೆ, ಕೆಲವರು ದೇವರನ್ನು ಹಿಡಿಯುತ್ತಾರೆ. ದಯಾನಂದನಂಥವರು ಪಾನಾ ಹಿಡಿಯುತ್ತಾರೆ. ಮುರಿದುದೆಲ್ಲವನ್ನೂ ಸರಿಮಾಡಿ ಅಭ್ಯಾಸವಾದ ಕೈಗಳಿಗೆ, ಸರಿಮಾಡಲಾಗದ್ದೂ ಒಂದುಂಟೆಂದು ಒಪ್ಪಿಸುವುದು ಬಲುಕಷ್ಟ. ಒಂದು ಘಳಿಗೆಯಲ್ಲಿ ತಾವು ಅಲ್ಲಿದ್ದೂ ಇಲ್ಲದಂತಾದುದನ್ನು ಉಳಿದ ಆಯುಷ್ಯವಿಡೀ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ತುಂಬಲು ನೋಡುತ್ತಾರೆ. ಅವರ ಕೌಶಲವನ್ನು ಹೊಗಳುವ ನಾವು ಅದರ ಕೆಳಗೆ ಉರಿಯುತ್ತಿರುವುದನ್ನು ಕಾಣುವುದಿಲ್ಲ. ಕೊನೆಗೆ ಕೈ ಬರಿದಾದಾಗ, ಪ್ರೀತಿಸಿದವರ ಪಕ್ಕದಲ್ಲಿ ಸುಮ್ಮನೆ ನಡೆಯುತ್ತಾರೆ. ಆ ನಡಿಗೆಯಿಂದ ಯಾರೂ ಉಳಿದಾರೆಂಬ ಭರವಸೆ ಅವರಿಗೂ ಇಲ್ಲ. ಆದರೂ ಬೆಳಗಾದರೆ ಎದ್ದು ಹೊರಡುತ್ತಾರೆ.