ಗುರುಲಿಂಗಮ್ಮನ ವ್ರತ

ಬಚ್ಚಲ ಬಾಗಿಲಿಗೆ ಅಡ್ಡವಾಗಿ ಈಶಮ್ಮ ಕೈ ಚಾಚಿ ನಿಂತಳು. ಒಳಗೆ ಮಣೆಯ ಮೇಲೆ, ಗೋಡೆಗೆ ಆನಿಸಿ ಕೂರಿಸಿದ್ದ ತಾಯಿ ಗುರುಲಿಂಗಮ್ಮನ ಹೆಣ. ಎದುರಿಗೆ ಬಿಸಿನೀರಿನ ಕೊಡ, ತಂಬಿಗೆ ಹಿಡಿದ ಅತ್ತೆ ರುಕ್ಮಿಣಿಬಾಯಿ.

"ನಾ ಒಬ್ಬಾಕೀನೇ ಎರೀತೀನ್ರಿ, ಅತ್ತಿ."

"ಒಬ್ಬಾಕಿ ಹ್ಯಾಂಗ ಹಿಡದು ಎರೀತಿ? ಇಂಥ ವ್ರತದಾಕಿಗಿ ನೀರು ಹಾಕಾಕ ಪುಣ್ಯ ಬೇಕು. ಬಾಜೂಕ ಸರಿ."

ರುಕ್ಮಿಣಿಬಾಯಿ ಜಹೀರಾಬಾದಿನಿಂದ ಮೊದಲ ಬಸ್ಸಿಗೇ ಬಂದಿದ್ದಳು. ತಾಂಡೂರಿನ ಅರ್ಧ ಓಣಿ ಒಳಂಗಳದಲ್ಲಿ ಸೇರಿತ್ತು. ಕರಿದದ್ದು ಮುಟ್ಟಲಿಲ್ಲ, ಸಿಹಿ ಮುಟ್ಟಲಿಲ್ಲ, ಬೀದಿಬಾಗಿಲ ಹೊಸ್ತಿಲು ದಾಟಲಿಲ್ಲ, ದಿನಾ ಮನೆದೇವರ ಹೆಸರಲ್ಲಿ ಅಂಗಳ ಸುತ್ತಿದಳು, ಶರಣೆ ಎಂದರೆ ಇವಳೇ ಎಂದು ಎಲ್ಲರೂ ಹೊಗಳುತ್ತಿದ್ದರು. ಈಶಮ್ಮ ಬಾಗಿಲು ಬಿಡಲಿಲ್ಲ.

*

ಈಶಮ್ಮನಿಗೆ ಗಂಡು ನೋಡುತ್ತಿದ್ದ ವರ್ಷವೇ ಗುರುಲಿಂಗಮ್ಮನ ಎದೆಯಲ್ಲಿ ಗಂಟು ಕಂಡಿತ್ತು. ಹೈದರಾಬಾದಿನ ದವಾಖಾನೆಯಲ್ಲಿ ಎಡ ಮೊಲೆ ತೆಗೆದರು. ಎಣ್ಣೆ, ಸಿಹಿ ಕಡಿಮೆ ಮಾಡು, ಸೊಪ್ಪು, ಕಾಳು, ಜೋಳದ ರೊಟ್ಟಿ ತಿನ್ನು, ದಿನಾ ಬಯಲಲ್ಲಿ ನಡೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿ ಕಳಿಸಿದರು.

ಗಂಡ ಬಂಡೆಪ್ಪ ಕಲ್ಲಿನ ವ್ಯಾಪಾರಿ. ಊಟಕ್ಕೆ ಒಪ್ಪಿದ, ಬಯಲಿಗೆ ಒಪ್ಪಲಿಲ್ಲ. ಹೆಂಡತಿ ಬಯಲಲ್ಲಿ ಸುತ್ತಿದರೆ ಜನ ಕಾರಣ ಕೇಳುತ್ತಾರೆ, ರೋಗದ ತಾಯಿಯ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ? ನಡೆಯುವುದಿದ್ದರೆ ಅಂಗಳದೊಳಗೇ ಎಂದ, ವ್ರತ ಹಿಡಿದಿದ್ದಾಳೆಂದು ತಾನೇ ಊರಿಗೆಲ್ಲ ಸಾರಿದ. ವ್ರತದ ಮನೆಯ ಹೆಣ್ಣೆಂದೇ ರುಕ್ಮಿಣಿಬಾಯಿ ಈಶಮ್ಮನನ್ನು ಸೊಸೆಯಾಗಿ ತಂದುಕೊಂಡಳು.

ಮದುವೆ ಮುಗಿಯಿತು, ವ್ರತ ಮುಗಿಯಲಿಲ್ಲ. ಜನ ಕಾಲಿಗೆ ಬೀಳತೊಡಗಿದ ಮೇಲೆ ಹೊಸ್ತಿಲು ದಾಟುವುದು ಹೇಗೆ?

"ಒಂದ್ ಸಲ ಕಾಗ್ನಾ ಹೊಳಿತನಕ ನಡದು ಬರಬೇಕನಸ್ತದ ಈಶಾ," ಎಂದು ಆಕೆ ಮಗಳ ಮುಂದೆ ಮಾತ್ರ ಹೇಳಿಕೊಂಡಿದ್ದಳು. ಆ ರೋಗ ತಿರುಗಿ ಬರಲೇ ಇಲ್ಲ. ಮೊನ್ನೆಯ ಜ್ವರಕ್ಕೆ ಹೋದಳು.

*

ಅತ್ತೆಯನ್ನು ತಡೆದಷ್ಟೂ ಅನುಮಾನ. ಈಶಮ್ಮ ಕೈ ಇಳಿಸಿದಳು.

ಸೆರಗು ಸರಿಸುತ್ತಲೇ ರುಕ್ಮಿಣಿಬಾಯಿಯ ಕೈಯ ತಂಬಿಗೆ ನಿಂತಿತು. ಬಯಲಾದ ಎದೆಯ ಮೇಲೆ ಉದ್ದದ ಕಲೆ, ಅದರ ಮೇಲೆ ಕೊರಳ ಲಿಂಗ. ಅವಳು ಹಿಂದಕ್ಕೆ ತಿರುಗಿ ಬಾಗಿಲಿಗೆ ಚಿಲಕ ಹಾಕಿದಳು.

"ನಿನಗ ಗೊತ್ತಿತ್ತು?"

ಈಶಮ್ಮ ತಲೆ ತಗ್ಗಿಸಿದಳು. ಇನ್ನು ತನ್ನನ್ನು ತವರಲ್ಲೇ ಬಿಟ್ಟು ಹೋಗುತ್ತಾರೆ ಎಂದುಕೊಂಡಳು. ಅತ್ತೆ ನೀರು ಎರೆದಳು. ಆಮೇಲೆ ಹಿಡಿ ವಿಭೂತಿ ತೆಗೆದು ಕಲೆ ಮುಚ್ಚುವ ಹಾಗೆ ಬಳಿದಳು.

"ನನ್ನ ಮನ್ಯಾಗ ಇಬ್ರು ಹುಡುಗ್ಯಾರು ಮದಿವಿಗಿ ಬಂದಾರ. ಇದು ಇಲ್ಲೇ ಮಣ್ಣಾಗಲಿ. ತಾಯಿಂದ ಮಗಳಿಗಿ ಬರ್ತದಂತಾರ ಈ ರೋಗ. ಆಕೀಗಿ ಉಳಿಸಿದ ವ್ರತನೇ ನಿನಗೂ ಉಳಸ್ಲಿ."

ಈಶಮ್ಮನಿಗೆ ಅದು ಕರುಣೆಯೋ ಶಿಕ್ಷೆಯೋ ತಿಳಿಯಲಿಲ್ಲ.

ಅಂಗಳದಲ್ಲಿ ಹೆಣ ಕೂರಿಸಿ ಹೊರುವ ಹೂವಿನ ವಿಮಾನ ಸಿದ್ಧವಾಗಿತ್ತು. ಗುರುಲಿಂಗಮ್ಮನನ್ನು ಅದರಲ್ಲಿ ಕೂರಿಸಿದ ಮೇಲೆ ರುಕ್ಮಿಣಿಬಾಯಿ ಎಲ್ಲರಿಗೂ ಕೇಳುವಂತೆ ಅಂದಳು: "ಇವತ್ತಿಂದ ತಾಯಿ ವ್ರತ ನಮ್ಮ ಸೊಸಿ ಈ ಮನ್ಯಾಗೇ ನಡಸ್ತಾಳ. ಊಟನೂ ಅದೇ, ಹೊಸ್ತಿಲೂ ಅದೇ."

ಬಂಡೆಪ್ಪ ಮಗಳ ಮುಖ ನೋಡಲಿಲ್ಲ. ಯಾರೋ ಮುದುಕಿ ಬಗ್ಗಿ ಈಶಮ್ಮನ ಪಾದ ಮುಟ್ಟಿದಳು.

ವಿಮಾನ ಎದ್ದು ಹೊಸ್ತಿಲು ದಾಟಿತು. ಗುರುಲಿಂಗಮ್ಮ ನೆಟ್ಟಗೆ ಕೂತು, ಬಿಸಿಲಿಗೆ ಮುಖವೊಡ್ಡಿ, ಕಾಗ್ನಾ ದಂಡೆಯ ರುದ್ರಭೂಮಿಯ ಕಡೆಗೆ ಹೊರಟಳು. ಹಿಂದೆಯೇ ಓಡಿದ ಈಶಮ್ಮನ ತೋಳನ್ನು ಅತ್ತೆ ಬಾಗಿಲಲ್ಲೇ ಹಿಡಿದಳು.

"ಒಳಗ ನಡಿ."

ಬಾಗಿಲು ಮುಚ್ಚಿತು. ಅಂಗಳದ ಹಾಸುಗಲ್ಲೆಲ್ಲ ಒರಟು. ಗೋಡೆಯ ಗುಂಟ ಮಾತ್ರ, ಒಂದು ಪಾದದಗಲ, ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಈಶಮ್ಮ ಬರಿಗಾಲಲ್ಲಿ ಅದರ ಮೇಲೆ ನಿಂತಿದ್ದಳು.