ಬದುಕಿರುವವಳ ಹೆಸರಿನ ಲಿಂಗ

ಕಾಶಿಗೆ ಹೋಗಿ ಬಂದ ಮಹನೀಯರೇ, ಅಗಲಿದವರ ಹೆಸರಿನಲ್ಲಿ ಸ್ಥಾಪಿಸಿದ ಲಿಂಗಗಳಿಗೆ ನೀರೆರೆದು, ಕೈಮುಗಿದು ಹಿಂದಿರುಗಿದ ನೀವು, ಆ ಹೆಸರಿನವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ಒಮ್ಮೆಯಾದರೂ ಕೇಳಿದಿರಾ?

ಕೇಳಿರಲಾರಿರಿ. ಹನುಮಾನ್ ಘಾಟಿನ ಹಿಂದಿನ ಓಣಿಯಲ್ಲಿ ಸಂಗಯ್ಯನವರು ಪೂಜೆ ನೋಡಿಕೊಳ್ಳುತ್ತಿದ್ದ ಸಣ್ಣ ಮಠಕ್ಕೆ ಗುಲಬರ್ಗಾ, ಬೀದರ ಕಡೆಯಿಂದ ಬರುತ್ತಿದ್ದ ಭಕ್ತರೂ ಕೇಳುತ್ತಿರಲಿಲ್ಲ. ಮಠದ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಮುಷ್ಟಿಗಾತ್ರದ ಲಿಂಗಗಳು ಒತ್ತೊತ್ತಾಗಿ ಕುಳಿತಿದ್ದವು. ಲಿಂಗೈಕ್ಯನಾದ ತಂದೆಗೊಂದು, ಅಜ್ಜಿಗೊಂದು, ಹೆಸರಿಡುವ ಮೊದಲೇ ಹೋದ ಕೂಸಿಗೊಂದು. ಮೂಲೆಯ ಕಂಬದ ಬಳಿ ಇದ್ದದ್ದು ಸಂಗಯ್ಯನವರ ಹಿರಿಯ ಮಗಳು ವಚನಾಳ ಹೆಸರಿನದು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ತಂದೆಯ ಅಪ್ಪಣೆಯಿಲ್ಲದೆ ದಿಲ್ಲಿಯ ಪ್ರಕಾಶನ ಸಂಸ್ಥೆಯೊಂದರ ಕೆಲಸಕ್ಕೆ ರೈಲು ಹತ್ತಿದ್ದೇ ಅವಳ ಸಾವು. ದಿಲ್ಲಿಯಲ್ಲಿ ಅವಳು ದುಡಿಯುತ್ತಿದ್ದಳು, ಉಣ್ಣುತ್ತಿದ್ದಳು, ಬನಾರಸಿನವರು ಸಿಕ್ಕರೆ ಮನೆಯ ಕ್ಷೇಮ ವಿಚಾರಿಸುತ್ತಿದ್ದಳು. ಇಲ್ಲಿ ಸಂಗಯ್ಯನವರು ಬಂದವರಿಗೆಲ್ಲ ಜ್ವರದ ಕಥೆ ಹೇಳುತ್ತಿದ್ದರು. ಪೂಜೆಯ ಕೈಗಳೇ ಇಂಥ ಸುಳ್ಳನ್ನು ಪ್ರತಿಷ್ಠಾಪಿಸಿದರೆ ತಡೆಯುವವರು ಯಾರು?

ಬೆಳಗಾದರೆ ಆ ಲಿಂಗಕ್ಕೆ ನೀರೆರೆಯುವುದು ಕಿರಿಯ ಮಗಳು ಶಿವಗಂಗಾಳ ಪಾಲಿಗೆ ಬಂದಿತ್ತು. ಚಳಿಗಾಲದಲ್ಲಿ ನೀರು ಬಿದ್ದೊಡನೆ ಕಲ್ಲಿನಿಂದ ತೆಳುವಾದ ಹಬೆ ಏಳುತ್ತಿತ್ತು. ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಅವಳಿಗೆ ಇಂಗ್ಲಿಷ್ ಓದಲು ಕಲಿಸಿದವಳು ವಚನಾ. ಪಾಠವನ್ನು ಗಟ್ಟಿಯಾಗಿ ಓದಿದರೆ ಅಕ್ಕನ ದನಿಯೇ ಹೊರಡುತ್ತಿತ್ತು. ಆಗ ಒಳಮನೆಯಲ್ಲಿ ತಾಯಿ ಶರಣಬಸಮ್ಮನ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಲ್ಲುತ್ತಿತ್ತು. ಅದಕ್ಕೆಂದೇ ಶಿವಗಂಗಾ ತುಟಿ ಬಿಚ್ಚದೆ ಓದುವುದನ್ನು ರೂಢಿಸಿಕೊಂಡಳು.

ಇಂಗ್ಲಿಷ್ ಬಲ್ಲವರಿಗೆ ಇನ್ನು ಕೆಲಸಕ್ಕೆ ಕೊರತೆಯಿಲ್ಲವೆಂದು ಪತ್ರಿಕೆಗಳು ಸಾರುತ್ತಿದ್ದ, ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಬನಾರಸಿನ ವಿಶ್ವವಿದ್ಯಾಲಯದಲ್ಲಿ ಶಿವಗಂಗಾಳೂ ಆಗ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಅದು ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಅವಳ ಸಹಪಾಠಿಗಳು ಬಿ.ಎಡ್., ಬ್ಯಾಂಕ್ ಪರೀಕ್ಷೆ, ಮದುವೆ ಎಂದು ಉತ್ತರ ಕೊಟ್ಟರು. ಶಿವಗಂಗಾ ಪುಸ್ತಕ ಮಡಚಿ ಎದ್ದಳು. ಮೈಸೂರಿನಿಂದ ಬಂದು ಅಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕಿ ವಿಶಾಲಾಕ್ಷಿಯವರು ಅವಳನ್ನು ಬೇರೆಯಾಗಿ ಕರೆದರು. ಯಾತ್ರೆಗೆ ಬಂದು ಆಸ್ಪತ್ರೆ ಸೇರಿದ್ದ ಕನ್ನಡದ ಮುದುಕಿಯೊಬ್ಬಳ ನೋವನ್ನು ಅವಳು ವೈದ್ಯರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದುದನ್ನು ಅವರು ಕಂಡಿದ್ದರು. ದಿಲ್ಲಿಯಲ್ಲಿ ದುಭಾಷಿಗಳಿಗೆ ತರಬೇತಿ ಕೊಡುವ ಸಂಸ್ಥೆಯಿದೆ, ಶಿವರಾತ್ರಿಯ ನಂತರ ಸಂದರ್ಶನವಿದೆ ಎಂದು ತಿಳಿಸಿದರು.

“ಕೇಳಿದ್ದರಲ್ಲಿ ಏನನ್ನೂ ಕಳೀಬಾರದು, ಏನನ್ನೂ ಕೂಡಿಸಬಾರದು. ಅಷ್ಟು ನಿಷ್ಠೆಯಿಂದ ಮಾಡಿದ್ರೆ ಇದೇ ನಿನಗೆ ಅನ್ನ ಕೊಡತ್ತೆ ಕಣಮ್ಮ.”

ದಿಲ್ಲಿಯ ಸಂದರ್ಶನದ ವಿಷಯವನ್ನು ಅವಳು ಮನೆಯಲ್ಲಿ ಸಂಗಯ್ಯನವರಿಗೆ ಹೇಳಿದಳು. ಮರುದಿನ ಶಿವಗಂಗಾ ತಂಬಿಗೆ ಹಿಡಿದು ಪಡಸಾಲೆಗೆ ಬಂದಾಗ, ವಚನಾಳ ಲಿಂಗದ ಪಕ್ಕದಲ್ಲಿ ಒಂದು ಲಿಂಗ ಹಿಡಿಯುವಷ್ಟು ಜಾಗ ತೊಳೆದು, ಒರೆಸಿ, ಹಸನಾಗಿತ್ತು. ಅಂದಿನಿಂದ ಆ ಖಾಲಿ ಜಾಗ ಅವಳ ಹಿಂದೆಯೇ ಬಂತು: ತರಗತಿಯ ಬೆಂಚಿನ ಮೇಲೆ, ರಿಕ್ಷಾದ ಸೀಟಿನಲ್ಲಿ, ಹಾಸಿಗೆಯ ಮಗ್ಗುಲಲ್ಲಿ.

ಹೀಗಿರುವಾಗ ಒಂದು ಮಧ್ಯಾಹ್ನ ಪರದೇಶದ ದಂಪತಿಗಳು ಮಠ ನೋಡಲು ಬಂದರು. ಮನೆಯ ಹೊಸ್ತಿಲೊಳಗೆ ಮಗಳ ಇಂಗ್ಲಿಷಿನ ಬಗ್ಗೆ ಸಂಗಯ್ಯನವರಿಗೆ ಬಹಳ ಹೆಮ್ಮೆ. ನಮ್ಮ ಹುಡುಗಿ ಅಂಗ್ರೇಜಿ ಫಟಾಫಟ್ ಮಾತಾಡ್ತಾಳ ಎನ್ನುತ್ತ ಅವಳನ್ನು ಕರೆಸಿ ನಿಲ್ಲಿಸಿದರು. ಬೀದರಿನಿಂದ ಯಾತ್ರೆಗೆ ಬಂದಿದ್ದ ಕಮಲಾದೇವಿಯೆಂಬ ಹಿರಿಯ ಭಕ್ತೆಯೂ ಅಲ್ಲಿದ್ದರು. ಪರದೇಶದ ಹೆಂಗಸು ಹಸಿ ಚೆಂಡುಹೂವಿದ್ದ ಲಿಂಗವನ್ನು ತೋರಿಸಿ, ಇದು ಯಾರದೆಂದು ಕೇಳಿದಳು.

“ನಮ್ಮ ಹಿರೀ ಮಗಳು. ಜ್ವರ ಬಂದು ಲಿಂಗೈಕ್ಯ ಆದ್ಲು ಅಂತ ಹೇಳವ್ವ,” ಎಂದರು ಸಂಗಯ್ಯನವರು.

ಕಳೆಯಬಾರದು, ಕೂಡಿಸಬಾರದು. ಶಿವಗಂಗಾ ತಂದೆಯ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಒಪ್ಪಿಸಿದಳು. ಅಲ್ಲಿಗೆ ದುಭಾಷಿಯ ಧರ್ಮ ಮುಗಿಯಿತು. ಆಮೇಲೆ ಅದೇ ಭಾಷೆಯಲ್ಲಿ, ಈಗ ಹೇಳುವುದು ತನ್ನ ಸ್ವಂತ ಮಾತು ಎಂದು ತಿಳಿಸಿ, ಇನ್ನೊಂದು ವಾಕ್ಯ ಹೇಳಿದಳು. ಆ ದಂಪತಿಗಳು ಮುಖ ಮುಖ ನೋಡಿಕೊಂಡರು.

ಕಮಲಾದೇವಿಯವರಿಗೆ ಕುತೂಹಲವಾಯಿತು. “ಅಯ್ಯನವರು ಒಂದ್ ಮಾತು ಹೇಳಿದ್ರ ನೀ ಎರಡು ಹೇಳ್ದಿ. ಇಂಗ್ಲಿಷ್ ಅಷ್ಟು ಉದ್ದ ಇರ್ತದೇನವ್ವ? ನಮಗೂ ತಿಳಿಸು.”

ಇಷ್ಟು ವರ್ಷ ಕನ್ನಡದಲ್ಲಿ ಬಾಯಿಗೆ ಬಾರದಿದ್ದ ಮಾತು ಅದು. ಶಿವಗಂಗಾ ಅದನ್ನು ಗಟ್ಟಿಯಾಗಿಯೇ ಹೇಳಿದಳು.

“ಒಂದು ಅಪ್ಪಂದ್ರಿ, ಇನ್ನೊಂದು ನಂದು. ನಮ್ಮಕ್ಕ ಸತ್ತಿಲ್ಲ, ದಿಲ್ಲಿಯೊಳಗ ಇದ್ದಾಳ ಅಂತಂದೆ.”

ಅವಳ ಬಾಯಿಂದ ಹೊರಟ ಅಕ್ಕನ ದನಿ ಪಡಸಾಲೆಯನ್ನೆಲ್ಲ ತುಂಬಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಲಿಂಗದ ವಿಭೂತಿಗೆ ಚಾಚಿದ್ದ ಕೈಯನ್ನು ಕಮಲಾದೇವಿಯವರು ಹಿಂದಕ್ಕೆಳೆದುಕೊಂಡರು. ಆದರೂ ಬಾಯಿ ತೆರೆಯಲಿಲ್ಲ. ಸೆರಗು ಹೊದ್ದು ಹೊರಗೆ ನಡೆದುಬಿಟ್ಟರು.

“ನೀನೂ ಹೋಗಾಕಿ ಏನು?” ಸಂಗಯ್ಯನವರು ಕಂಬದ ಕಡೆ ನೋಡುತ್ತ ಕೇಳಿದರು.

“ಹೋಗ್ತೀನಪ್ಪಾ.”

“ಜಾಗ ತಯಾರ ಅದ.”

ಶಿವರಾತ್ರಿ ಕಳೆದ ಮೇಲೆ ಅವಳು ಹೋದಳು. ಓಣಿಯ ತುದಿಯವರೆಗೆ ಶರಣಬಸಮ್ಮ ಬಂದರು. ಅವರ ಕೈಯಲ್ಲಿ ಪಡಸಾಲೆಯ ಅದೇ ತಂಬಿಗೆಯಿತ್ತು. “ನಿಮ್ಮಕ್ಕಗ ಕುಡಿಸಿ ಕಳಸಲಿಲ್ಲ. ನೀ ಕುಡಿದು ಹೋಗು,” ಎಂದು ನೀರು ಕುಡಿಸಿದರು. ರಿಕ್ಷಾ ತಿರುಗುವವರೆಗೂ ಅಲ್ಲಿಯೇ ನಿಂತಿದ್ದರು.

ಶಿವಗಂಗಾ ದಿಲ್ಲಿಯಲ್ಲಿ ಆಯ್ಕೆಯಾದಳು. ಕಾಶಿಯಲ್ಲಿ ಆ ಖಾಲಿ ಜಾಗ ತುಂಬಿತು. ಕಂಬದ ಬಳಿ ಈಗ ಎರಡು ಕಲ್ಲುಗಳಿವೆ. ತಾಯಿ ಎರಡರಲ್ಲಿ ಯಾವುದಕ್ಕೂ ನೀರೆರೆಯುವುದಿಲ್ಲ. ಭಕ್ತರು ಮಾತ್ರ ಎರಡಕ್ಕೂ ಹೂವಿಟ್ಟು, ಜ್ವರದ ಕಥೆ ಕೇಳಿ, ಅಯ್ಯೋ ಎಂದು ಹೋಗುತ್ತಾರೆ. ಕಮಲಾದೇವಿಯವರ ಮೌನವೇ ಎರಡನೆಯ ಲಿಂಗಕ್ಕೆ ಗಾರೆಯಾಯಿತೆಂದರೆ ತಪ್ಪೇನು?

ಓದುಗರೇ, ಮುಂದಿನ ಸಲ ಅಲ್ಲಿಗೆ ಹೋದಾಗ ಆ ಎರಡರ ಮುಂದೆ ಕೈಮುಗಿಯಬೇಡಿ. ಹೂವನ್ನು ಕೈಯಲ್ಲಿಯೇ ಹಿಡಿದುಕೊಂಡು, ಒಳಮನೆಯಲ್ಲಿರುವ ತಾಯಿಗೂ ಕೇಳಿಸುವಂತೆ, “ಈ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ?” ಎಂದು ಸಂಗಯ್ಯನವರನ್ನು ಕೇಳಿ.