ನೆಲದ ಕಾಲು

"ಕೆರೆಗೆ ಹೋದ್ರು ಕಣಮ್ಮ ಎಲ್ಲಾರೂ. ಆಮೆ ಬಿಡೋಕೆ," ಎಂದಿತು ಫೋನಿನಾಚೆಯಿಂದ ಬೇಕರಿಯವನ ಅತ್ತೆಯ ಮುದಿ ದನಿ.

ಅವಳು ಟೆರೇಸಿನ ಮೇಲೆ ಕೂತು ಆಮೆಗಳಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಚಾಕು ಕೈಯಲ್ಲೇ ಉಳಿಯಿತು.

"ಬಿಡೋಕೆ ಅಂದ್ರೆ?"

"ನೀರಿಗೆ. ಪಾಪ, ಬಂದಾಗಿಂದ ಕಾಂಪೌಂಡ್ ಗೋಡೆ ಕೆರೀತಾನೇ ಇತ್ತು. ಸರಿಯಾಗಿ ತಿನ್ನಲಿಲ್ಲ, ಒಂದ್ಕಡೆ ಕೂರಲಿಲ್ಲ. ನಮ್ಮಳಿಯನಿಗೆ ಕರುಳು ತಡೀಲಿಲ್ಲ. ಮೂಕ ಪ್ರಾಣಿ ಶಾಪ ನಮಗ್ಯಾಕೆ ಅಂತ ಮಕ್ಕಳನ್ನೂ ಕಟ್ಕೊಂಡು ಹೋದ. ಈಗಷ್ಟೇ."

"ಅಜ್ಜಿ, ಅವರಿಗೆ ಫೋನ್ ಮಾಡ್ತೀನಿ, ಇಡಿ."

"ಅವನ ಫೋನಲ್ಲೇ ಅಲ್ವೇನೇ ನಾನು ಮಾತಾಡ್ತಿರೋದು? ಮರೆತು ಹೋಗಿದಾನೆ."

"ಯಾವ ಕೆರೆ?"

"ದೊಡ್ಡದು. ದೋಣಿ ಇರೋದು."

ಅವಳು ಚಪ್ಪಲಿ ಮೆಟ್ಟುತ್ತಲೇ ಮೆಟ್ಟಿಲಿಳಿದಳು. ಗಂಡ ಬೀದಿಯಲ್ಲಿ ಕಾರು ಒರೆಸುತ್ತಿದ್ದ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಭಾನುವಾರ ಸ್ಕೂಲಿನ ಕಾರು ತಲೆಯ ಮೇಲೆ ಬೋರ್ಡು ಹೊತ್ತು ಮನೆಯ ಮುಂದೆಯೇ ನಿಂತಿರುತ್ತದೆ. ಅವಳ ಮುಖ ನೋಡಿ ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದ. ಏನಾಯಿತು ಎಂದು ಕೇಳಿದ್ದು ಕಾರು ಬೀದಿಯ ತಿರುವು ದಾಟಿದ ಮೇಲೆ.

"ನರ್ಸಮ್ಮನ ಆಮೇನ, ನಮ್ಮ ಡಾಕ್ಟ್ರನ್ನ, ಕೆರೆಗೆ ಬಿಡೋಕೆ ಹೋಗಿದಾನೆ ಬೇಕರಿಯವನು."

"ಅದು ಹೆಂಗೆ? ನೀನು ಅವನ ಕೈಲಿ ಕಾಲು ಹಿಡಿಸಿರಲಿಲ್ವಾ?"

ಅವಳು ಕಿಟಕಿಯತ್ತ ತಿರುಗಿದಳು.

ಕಾಲು ಹಿಡಿಸುವುದು ಅವರ ಮನೆಯ ಮಾತು. ಯಾರಿಗೋ ಬೇಡವಾದ ಆಮೆಗಳು ಅವಳ ಟೆರೇಸಿಗೆ ಬರುತ್ತವೆ. ಬಕೆಟ್ಟಿನಲ್ಲಿ, ಶೂ ಡಬ್ಬಿಯಲ್ಲಿ, ಒಮ್ಮೆ ಹಳೆಯ ಪ್ರೆಶರ್ ಕುಕ್ಕರಿನಲ್ಲಿ. ಬೇಕು ಎನ್ನುವವರು ಸಿಕ್ಕಾಗ ಅವಳು ಮೊದಲು ಅವರ ಮನೆಗೆ ಹೋಗಿ ನೋಡಿ ಬರುತ್ತಾಳೆ. ಆಮೇಲೆ ಆಮೆಯನ್ನು ಅವರ ಮಡಿಲಲ್ಲಿಟ್ಟು ಅದರ ಒಂದು ಕಾಲನ್ನು ಅವರ ಬೆರಳುಗಳ ನಡುವೆ ಹಿಡಿಸುತ್ತಾಳೆ. ಬೆರಳುಗಳ ಮಧ್ಯೆ ಪೊರೆಯಿಲ್ಲದ, ಆನೆಯ ಕಾಲನ್ನು ಪುಟ್ಟದಾಗಿ ಮಾಡಿದಂಥ ಕಾಲು. "ಹುಟ್ಟು ಹಾಕೋ ಥರ ಇದೆಯಾ, ಕಂಬದ ಥರ ಇದೆಯಾ?" ಎಂದು ಕೇಳುತ್ತಾಳೆ. ಕಂಬ ಎಂದು ಅವರ ಬಾಯಿಂದಲೇ ಬರಬೇಕು. "ಕಂಬ ಈಜಲ್ಲ. ಇದು ನೆಲದ ಆಮೆ. ನೀರಿಗೆ ಹಾಕಿದ್ರೆ ಕಲ್ಲಿನ ಹಾಗೆ ಮುಳುಗುತ್ತೆ." ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು, ಊಟವಾದ ಮೇಲೆ ಎಂದು ಚೀಟಿಯಲ್ಲಿ ಬರೆದಿದ್ದರೂ ಬಾಯಲ್ಲಿ ಎರಡೆರಡು ಸಲ ಹೇಳದೆ ಮಾತ್ರೆ ಕೊಡುವವಳಲ್ಲ. ಮಂತ್ರಿಗಳಿಗೂ ಇಷ್ಟು ಜನ ಕಾಲು ಹಿಡಿಯಲ್ಲ ಎಂದು ಗಂಡ ನಗುತ್ತಿದ್ದ.

ಬೇಕರಿಯವನು ಬಂದ ದಿನ ಮನೆಯ ಓನರಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಸೊಂಟದ ಮೇಲೆ ಕೈ. "ಮನೆ ಬಾಡಿಗೆಗೆ ಕೊಟ್ಟಿದ್ದು ಗಂಡ ಹೆಂಡ್ತಿಗೆ. ಚಿಪ್ಪಿನವರ ಸಂಸಾರ ಎಲ್ಲ ಯಾವಾಗ ಬಂತು? ಇನ್ನೊಂದು ಮೇಲೆ ಹತ್ತಿದ್ರೆ ನೀವು ಕೆಳಗೆ ಇಳೀಬೇಕಾಗುತ್ತೆ, ಹೇಳ್ಬಿಟ್ಟೆ." ಆ ಇನ್ನೊಂದು ಆಗಲೇ ಹಿಂದಿನ ವಾರ ಹತ್ತಿಯಾಗಿತ್ತು, ಟವೆಲು ಹೊದ್ದು ನೀರಿನ ಟ್ಯಾಂಕಿನ ಹಿಂದೆ ಕೂತಿತ್ತು. ಬೇಕರಿಯವನ ಮುಖ ಒಳ್ಳೆಯದಿತ್ತು. ತೋಳಿಗೆ ಮೈದಾ ಮೆತ್ತಿತ್ತು. ಹಿತ್ತಲಿದೆ, ಬಿಸಿಲಿದೆ, ಮಕ್ಕಳಿದ್ದಾರೆ ಎಂದ. ಓನರಮ್ಮ ಕೆಳಗಿಳಿದು ಹೋಗುವುದರೊಳಗೆ ಅವಳು ಕಾಲು ಹಿಡಿಸದೆಯೇ, ಡಾಕ್ಟ್ರು ಇದ್ದ ಡಬ್ಬಿಯನ್ನು ಅವನ ಕೈಗಿಟ್ಟು ಕಳಿಸಿಬಿಟ್ಟಳು. ಸಂಜೆ ಫೋನಿನಲ್ಲಿ ಎಲ್ಲ ಹೇಳಿದರಾಯಿತು ಎಂದುಕೊಂಡಳು. ಸಂಜೆ ಫೋನ್ ಮಾಡಿದಾಗ ಹಿಂದೆ ತಟ್ಟೆಗಳ ಸದ್ದು, ಗಿರಾಕಿಗಳ ಕೂಗು. "ಆರಾಮಾಗಿದಾನೆ ಮೇಡಂ," ಎಂದ. ಅವಳಿಗೂ ಅಷ್ಟೇ ಸಾಕಾಗಿತ್ತು.

ಕಾರು ಒಮ್ಮೆಲೆ ಮುಗ್ಗರಿಸಿ ನಿಂತಿತು. ಹಿಂದಿನ ಆಟೋದವನು ಹಾರ್ನ್ ಬಾರಿಸಿದ.

"ಕಾಲು ತೆಗಿ," ಎಂದ ಗಂಡ. "ಅದು ಬ್ರೇಕು."

ಕಲಿಸುವವರು ಕೂರುವ ಸೀಟಿನಲ್ಲಿ ಅವಳು ಕೂತಿದ್ದಳು. ಅಲ್ಲಿಯೂ ಒಂದು ಬ್ರೇಕ್ ಪೆಡಲ್ ಇತ್ತು. ಬೇಗ, ಬೇಗ ಎಂದು ಒತ್ತುತ್ತಿದ್ದ ಅವಳ ಕಾಲು ಅದರ ಮೇಲೇ ಇತ್ತು. ಅವಳು ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡಳು.

ಫೋನು ಮೊಳಗಿತು. ತೆರೆಯ ಮೇಲೆ 'ನರ್ಸಮ್ಮ' ಎಂದಿತ್ತು.

"ತಗೋಬೇಡ," ಎಂದ ಗಂಡ.

ತಗೊಳ್ಳದಿದ್ದರೆ ಮತ್ತೆ ಮಾಡುತ್ತಾಳೆ. ಭಾನುವಾರದ ಫೋನು ಅವರ ನಡುವಿನ ಒಪ್ಪಂದ. ಆಪರೇಷನ್ ಥಿಯೇಟರಿನಲ್ಲಿ ವಯಸ್ಸು ಕಳೆದ ಆ ಹೆಂಗಸು ಮಂಡಿ ಸೋತು ತಂಗಿಯ ಮಗಳ ಫ್ಲಾಟಿಗೆ ಹೋಗುವ ಮುಂಚೆ ಆಮೆಯನ್ನು ತಾನೇ ತಂದು ಕೊಟ್ಟಿದ್ದಳು. ಚಿಪ್ಪಿನ ಮೇಲೆ ಉಗುರುಬಣ್ಣದಿಂದ ಬರೆದ ಕೆಂಪು ಪ್ಲಸ್ ಗುರುತು. "ಇವನ ಹೆಸರು ಡಾಕ್ಟ್ರು. ತಡವಾಗಿ ಬರ್ತಾನೆ, ಒಂದ್ಸಲ ಕತ್ತು ಚಾಚಿ ನೋಡ್ತಾನೆ, ಏನೂ ಹೇಳದೆ ಒಳಗೆ ಹೋಗ್ಬಿಡ್ತಾನೆ." ನಕ್ಕು ಮುಗಿಸಿದ ಮೇಲೆ ಇವಳ ಮೊಣಕೈ ಹಿಡಿದು, "ಮನೆ ನೀನೇ ಹೋಗಿ ನೋಡಿ ಕೊಡ್ತೀಯ ತಾನೆ?" ಎಂದಿದ್ದಳು. ನಾನೇ ನೋಡಿ ಕೊಡ್ತೀನಿ ಎಂದು ಇವಳು ಮಾತು ಕೊಟ್ಟಿದ್ದಳು.

"ಹಲೋ. ಏನಂತಾನೆ ನಮ್ಮ ಡಾಕ್ಟ್ರು? ಏನು ತಿಂದ?"

"ನಾನು... ಅಲ್ಲಿಗೇ ಹೋಗ್ತಿದೀನಿ. ದಾರೀಲಿದೀನಿ."

"ಮನೆಗೇ ಹೋಗ್ತಿದೀಯಾ? ನೋಡು, ಇದಕ್ಕೇ ನಿನ್ನ ಕೈಗೆ ಕೊಟ್ಟಿದ್ದು! ಹೋದ್ಮೇಲೆ ಮಾಡ್ತೀನಿ ಇರು. ಎಲೆ ಕಚ್ಚೋವಾಗ ಅವನ ಬಾಯಿ ಹತ್ರ ಫೋನ್ ಹಿಡಿ. ಕರಕ್ ಅಂತ ಕೇಳಿಸಬೇಕು. ಇಲ್ಲಿ ಟೀವಿ ಸದ್ದು ಬಿಟ್ರೆ ಬೇರೆ ಏನೂ ಇಲ್ಲ."

ಕಲಿಯುವವರಿಗೆ ಹಳದಿ ದೀಪದಲ್ಲಿ ನಿಲ್ಲಲು ಕಲಿಸುವ ಗಂಡ ಅಂದು ಕೆಂಪಿನಲ್ಲಿ ದಾಟಿದ.

ಕೆರೆಯ ದಂಡೆಯಲ್ಲಿ ಜನ ವಿರಳವಾಗಿದ್ದರು. ದೋಣಿಗಳು ಹಗ್ಗಕ್ಕೆ ಕಟ್ಟಿಸಿಕೊಂಡು ತೂಗುತ್ತಿದ್ದವು. ಅವಳು ಬೇಕರಿಯವನನ್ನು ಗುರುತಿಸುವ ಮೊದಲು ಅವನ ಕೈಯಲ್ಲಿ ತೂಗಾಡುತ್ತಿದ್ದ ಡಬ್ಬಿಯನ್ನು ಗುರುತಿಸಿದಳು. ಅವಳೇ ಕೊಟ್ಟ ಡಬ್ಬಿ. ಅದರ ಮುಚ್ಚಳ ತೆರೆದಿತ್ತು.

"ಮೇಡಂ! ನೀವೂ ಬಂದ್ರಾ?" ಅವನ ಮುಖ ಅರಳಿತು. "ಒಂದು ನಿಮಿಷ ಮುಂಚೆ ಬರಬೇಕಿತ್ತು ನೀವು."

"ಎಲ್ಲಿ ಬಿಟ್ರಿ?"

"ಇಲ್ಲೇ, ಈ ಮೆಟ್ಟಿಲ ಹತ್ರ..."

"ಕೈ ಆಡಿಸ್ತಾ ಹೋದ ಆಂಟಿ," ಎಂದಳು ಅವನ ಚಿಕ್ಕ ಮಗಳು. "ನಮಗೆ ಟಾಟಾ ಮಾಡ್ದ."

ಅವಳು ಮೆಟ್ಟಿಲಿಳಿದು ಮೊಣಕಾಲುದ್ದ ನೀರಿಗೆ ಹೋಗಿ ನಿಂತಳು. ಅವಳಿಗೆ ಈಜು ಬರುವುದಿಲ್ಲ. ನೀರು ಹಸಿರಾಗಿ, ದಪ್ಪವಾಗಿತ್ತು. ತನ್ನ ಪಾದಗಳೇ ಅವಳಿಗೆ ಕಾಣಲಿಲ್ಲ. "ಅದಕ್ಕೆ ಈಜೋಕೆ ಬರಲ್ಲ," ಎಂದಳು ಹಿಂದೆ ತಿರುಗದೆ. ತನ್ನ ದನಿ ಅಂಗಡಿಯಲ್ಲಿ ಮಾತ್ರೆ ಕೊಡುವಾಗಿನಷ್ಟೇ ಸಾವಧಾನವಾಗಿ ಹೊರಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು. "ಅದು ಮುಳುಗ್ತಾ ಇದೆ."

ಬೇಕರಿಯವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಡಬ್ಬಿ ಬಿಸಾಕಿ, ಶೂ ಸಮೇತ ನೀರಿಗಿಳಿದ. ಎದೆಯವರೆಗೆ ಹೋಗಿ ಕಾಲಲ್ಲಿ ತಡಕಿದ. ಉಸಿರು ಹಿಡಿದು ಮುಳುಗಿದ, ಎದ್ದ, ಕೈ ತುಂಬ ಕೆಸರು. ಮತ್ತೆ ಮುಳುಗಿದ. ಗಂಡ ಪ್ಯಾಂಟು ಮಡಚದೆಯೇ ಇನ್ನೊಂದು ಕಡೆಯಿಂದ ಇಳಿದಿದ್ದ. ಮಕ್ಕಳು ದಂಡೆಯ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದರು.

"ಅಪ್ಪಾ, ಕೆಂಪು!" ಚಿಕ್ಕವಳು ಬೆರಳು ತೋರಿಸಿದಳು. ದಂಡೆಯ ಎತ್ತರದಿಂದ ಅವಳಿಗೆ ಕಂಡದ್ದು ನೀರಲ್ಲಿದ್ದವರಿಗೆ ಕಂಡಿರಲಿಲ್ಲ. ಕೊನೆಯ ಮೆಟ್ಟಿಲಿನ ಪಕ್ಕದಲ್ಲೇ, ಕಲ್ಲಿಗೂ ಕೆಸರಿಗೂ ನಡುವೆ, ಪ್ಲಸ್ ಗುರುತಿನ ಒಂದು ತುದಿ. ಹತ್ತಿ ಬರಲು ನೋಡಿ ಅಲ್ಲಿಗೆ ಬಂದು ಸಿಕ್ಕಿಕೊಂಡಿತ್ತು.

ಬೇಕರಿಯವನು ಅದನ್ನು ಎತ್ತಿ ತಂದು ಅವಳ ಕೈಗಿಟ್ಟಾಗ ಕತ್ತು ಒದ್ದೆ ಹಗ್ಗದಂತೆ ಜೋತುಬಿದ್ದಿತ್ತು. ನಾಲ್ಕು ಕಾಲೂ ಹೊರಗೆ. ಹಾಗೆ ಮೈ ಸಡಿಲಬಿಟ್ಟ ಆಮೆಯನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ತಲೆ ಕೆಳಗಾಗಿ ಹಿಡಿದು, ಉಗುರಿನಿಂದ ಬಾಯಿ ಬಿಡಿಸಿದಳು. ನೀರು ಹನಿಯಿತು, ಆಮೇಲೆ ಸುರಿಯಿತು, ಮತ್ತೆ ಹನಿಯಿತು. ಮೆಟ್ಟಿಲ ಮೇಲೆ ಕೂತು ಅದನ್ನು ಮಡಿಲಿಗೆ ಹಾಕಿಕೊಂಡಳು.

"ಬನ್ನಿ ಇಲ್ಲಿ. ಮುಂಗಾಲು ಹಿಡ್ಕೊಳ್ಳಿ, ಎರಡೂ. ಹೊರಗೆ ಎಳೀರಿ, ಒಳಗೆ ತಳ್ಳಿ. ಮೆಲ್ಲಗೆ. ಅದಕ್ಕೆ ಉಸಿರಾಡೋದು ಹಾಗೇ."

ಅವನು ಮಂಡಿಯೂರಿದ. ಹಿಟ್ಟು ನಾದಿ ಪಳಗಿದ ದಪ್ಪ ಬೆರಳುಗಳು ಎರಡು ಕಾಲನ್ನೂ ಹಿಡಿದವು. "ಒಳ್ಳೇದಾಗ್ಲಿ ಅಂತ ಮಾಡ್ದೆ ಮೇಡಂ. ಆಮೆ ಅಂದ್ರೆ ನೀರು ಅಂತ..."

"ಗೊತ್ತು. ನಾನು ಹೇಳಿರಲಿಲ್ಲ. ನಿಲ್ಲಿಸಬೇಡಿ."

ಪಕ್ಕದ ಕಲ್ಲಿನ ಮೇಲೆ ಫೋನು ಗುರುಗುಟ್ಟಿತು. ನರ್ಸಮ್ಮ. ಗಂಡ ಅದನ್ನು ಎತ್ತಿಕೊಂಡು, ಆಫ್ ಮಾಡಲೇ ಎಂಬಂತೆ ಅವಳನ್ನು ನೋಡಿದ. ಅವಳು ತಲೆಯಾಡಿಸಿ ಬೇಡವೆಂದಳು. ಅವನು ಸ್ಪೀಕರ್ ಒತ್ತಿ ಅವಳ ಮುಂದಿಟ್ಟ.

"ತಲುಪಿದ್ಯಾ? ಕೇಳಿಸು ಕೇಳಿಸು."

"ನರ್ಸಮ್ಮ," ಎಂದಳು. ಹೇಳಬಹುದಾದ ಬೇರೆ ಮಾತುಗಳು ಬಾಯಿಯ ತನಕ ಬಂದು ನಿಂತವು. ಹೊಟ್ಟೆ ತುಂಬಿ ಮಲಗಿದಾನೆ ಅನ್ನಬಹುದು. "ಕೆರೆಗೆ ಬಿಟ್ಟಿದ್ರು. ಈಗ ಎತ್ತಿದೀವಿ. ಉಸಿರು ಕಾಣ್ತಿಲ್ಲ. ನಾನು ಆ ಮನೆ ಹೋಗಿ ನೋಡಿರಲಿಲ್ಲ."

ಫೋನಿನಲ್ಲಿ ಟೀವಿಯ ಸದ್ದು ಮಾತ್ರ ಬರುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಕಾಲು ಯಾರು ಹಿಡ್ಕೊಂಡಿರೋದು?" ನರ್ಸಮ್ಮನ ದನಿ ಬೇರೆಯಾಗಿತ್ತು, ಚಪ್ಪಟೆ, ಚುರುಕು.

"ನಾನು, ಅಮ್ಮ. ಬೇಕರಿ..."

"ಯಾರಾದ್ರೂ ಆಗಿರು. ನಾನು ಸಾಕು ಅನ್ನೋವರೆಗೂ ನಿಲ್ಲಿಸಬಾರದು. ನಾನು ಫೋನ್ ಇಡಲ್ಲ."

ಅವನು ನಿಲ್ಲಿಸಲಿಲ್ಲ. ಎಳೆದ, ತಳ್ಳಿದ. ಅವನ ಕೂದಲಿನಿಂದ ಕೆರೆಯ ನೀರು ಚಿಪ್ಪಿನ ಮೇಲೆ ಇಳಿಯುತ್ತಿತ್ತು. ಅವಳು ಅದನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಒಣಗಿದರೆ ಉಸಿರು ಬಂದುಬಿಡುತ್ತದೆ ಎಂಬಂತೆ. ಮಕ್ಕಳು ಒಂದೊಂದೇ ಮೆಟ್ಟಿಲು ಇಳಿದು ಹತ್ತಿರ ಬಂದರು. ದೋಣಿಯವನೊಬ್ಬ ಬಂದು ನೋಡಿ ಹೋದ. ಫೋನಿನಿಂದ ಒಂದು ಮುದಿ ಉಸಿರು ಹೋಗಿ ಬರುವುದು ಕೇಳಿಸುತ್ತಿತ್ತು. ಬೇಕರಿಯವನ ಕೈಗಳು ತಮಗೆ ತಿಳಿಯದೆಯೇ ಆ ಉಸಿರಿಗೆ ಹೊಂದಿಕೊಂಡಿದ್ದವು.

ಆಮೇಲೆ ಅವನು ತಟಕ್ಕನೆ ನಿಂತ.

"ಯಾಕೆ ನಿಲ್ಲಿಸ್ದೆ?" ಎಂದಿತು ಫೋನು.

ಅವನು ಎಡಗೈಯಲ್ಲಿದ್ದ ಕಾಲನ್ನು ನೋಡುತ್ತಿದ್ದ. ಕಂಬದಂಥ ಆ ಪುಟ್ಟ ಕಾಲು ಅವನ ಬೆರಳುಗಳ ನಡುವಿನಿಂದ, ಯಾರೂ ತಳ್ಳದೆ, ಬಹಳ ನಿಧಾನವಾಗಿ ಒಳಕ್ಕೆ ಸರಿಯಿತು.

"ಹಲೋ? ಯಾರಾದ್ರೂ ಹೇಳ್ರೋ. ಹಲೋ?"

ಅವಳು ಫೋನಿನತ್ತ ಕೈ ಚಾಚಿದಳು. ಬೇಕರಿಯವನು ಮಾತ್ರ ಖಾಲಿಯಾದ ಬೆರಳುಗಳನ್ನು ಹಾಗೆಯೇ, ಇನ್ನೂ ಏನನ್ನೋ ಹಿಡಿದಿರುವಂತೆ, ಚಿಪ್ಪಿನ ಅಂಚಿನ ಬಳಿ ಇಟ್ಟುಕೊಂಡು ಕೂತಿದ್ದ.